ಹೋರಿ ಓಟಕ್ಕೆ ಸ್ಲೋ ಮೋಷನ್ ಲೆಕ್ಕ

ದೀಪಾವಳಿ ಬಂತಂದ್ರೆ ಮೋಟೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆ ಹೋರಿ ಬೆದರಿಸೋ ಸ್ಪರ್ಧೆ ಶುರು. ಕೊಬ್ಬರಿ ಹಾರ, ಬಲೂನು ಕಟ್ಟಿದ ಹೋರಿ ಕಣ್ಣೆದುರು ಇರೋದು ಒಂದೇ ಸೆಕೆಂಡು. ಫೋನಲ್ಲಿ ಅದನ್ನ ಹಿಡಿಯೋದು ಹೇಗೆ?

ಹೋರಿ ಸೆಕೆಂಡಿಗೆ 10 ಮೀಟರ್ ಓಡುತ್ತೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ, ಒಂದು ಫ್ರೇಮಿಂದ ಇನ್ನೊಂದಕ್ಕೆ ಅದು 33 ಸೆಂ.ಮೀ. ಮುಂದೆ ಹೋಗಿರುತ್ತೆ. 240 ಇದ್ದರೆ ಬರೀ 4 ಸೆಂ.ಮೀ. ಆ 240 ಫ್ರೇಮನ್ನು 30ರ ವೇಗದಲ್ಲಿ ನೋಡಿದರೆ ಒಂದು ಸೆಕೆಂಡು ಎಂಟಾಗುತ್ತೆ.

ಆದರೆ ಒಂದೊಂದು ಫ್ರೇಮಿಗೆ ಬೆಳಕು ಸಿಗೋದು ಹೆಚ್ಚೆಂದರೆ 1/240 ಸೆಕೆಂಡು. ಅದಕ್ಕೇ ಒಳ್ಳೆ ಬಿಸಿಲಿರುವಾಗ ತೆಗೀರಿ, ಫೋಕಸ್ ಮೊದಲೇ ಲಾಕ್ ಮಾಡಿ.

ಬೇಲಿ ಮಾತ್ರ ದಾಟಬೇಡಿ. ಸ್ಕ್ರೀನಲ್ಲಿ ಹೋರಿ ಇದ್ದದ್ದಕ್ಕಿಂತ ದೂರ ಕಾಣುತ್ತೆ. ಎಂಟು ಸೆಕೆಂಡು ಇರೋದು ವಿಡಿಯೋದಲ್ಲಿ, ಅಖಾಡದಲ್ಲಿ ಒಂದೇ.