ಗೈಡ್ ಬದಿಗಿಟ್ಟು ಹೂ ಬಿಡಿಸಿ ನೋಡು

ಪಿಸಿಎಂಬಿ ತೆಗೆದುಕೊಂಡ ಮಕ್ಕಳಿಗೆ ಮೊದಲ ವಾರವೇ ಕಿವಿಗೆ ಬೀಳುವ ಮಾತೊಂದಿದೆ: ‘ಫಿಸಿಕ್ಸ್, ಮ್ಯಾಥ್ಸ್ ಅರ್ಥ ಮಾಡ್ಕೋಬೇಕು, ಬಯಾಲಜಿ ಬಾಯಿಪಾಠ ಮಾಡಿದ್ರೆ ಸಾಕು.’ ಮಗು, ಈ ಮಾತನ್ನು ನಂಬಬೇಡ. ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತಲೇ ಕೂದಲು ನರೆತ ನನಗೆ ಈ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಉರು ಹೊಡೆದವರು ಡಿಸೆಂಬರ್ ಹೊತ್ತಿಗೆ ಜೂನಿನ ಪಾಠ ಮರೆತಿರುತ್ತಾರೆ. ಕಣ್ಣಾರೆ ಕಂಡವರು ಮರೆಯುವುದಿಲ್ಲ.

ಪಠ್ಯಪುಸ್ತಕದ ಒಂದೇ ಒಂದು ಸಾಲು ತೆಗೆದುಕೊಳ್ಳೋಣ. ಆಕ್ಸೈಲ್ ಪ್ಲಾಸೆಂಟೇಷನ್‌ಗೆ ಉದಾಹರಣೆ ಚೈನಾ ರೋಸ್, ಟೊಮ್ಯಾಟೊ, ನಿಂಬೆ. ಇದನ್ನು ನೂರು ಸಲ ಬರೆದು ಕಲಿತ ಎಷ್ಟೋ ಮಕ್ಕಳು ಹಿತ್ತಲಿನ ದಾಸವಾಳವನ್ನು ಒಮ್ಮೆಯೂ ಬಿಡಿಸಿ ನೋಡಿರುವುದಿಲ್ಲ. ನೀನು ನೋಡು. ಐದೆಸಳಿನ ಕೆಂಪು ದಾಸವಾಳವೇ ಬೇಕು, ಸುತ್ತು ದಾಸವಾಳ ಬೇಡ. ಎಸಳುಗಳ ಬುಡ ಗಮನಿಸು: ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಆಚೆಯದರ ಕೆಳಗೆ. ಪುಸ್ತಕದ ‘ಟ್ವಿಸ್ಟೆಡ್’ ಅಂದರೆ ಇಷ್ಟೇ. ಎಸಳು ಕಿತ್ತರೆ ಉದ್ದನೆಯ ಕೊಳವೆ, ಅದರ ಮೈಮೇಲೆ ಹಳದಿ ಪರಾಗದ ಚೀಲಗಳು. ಕೊಳವೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳು. ಒಳಗೆ ನೂಲಿನಂಥ ಶಲಾಕೆ ಸಿಗುತ್ತದೆ, ಅದರ ತುದಿ ಐದಾಗಿ ಕವಲೊಡೆದು ಐದು ಪುಟ್ಟ ಗುಂಡುಗಳಲ್ಲಿ ಮುಗಿಯುತ್ತದೆ. ಈಗ ಬುಡದ ಅಂಡಾಶಯವನ್ನು ಅಡ್ಡಕ್ಕೆ ಕೊಯ್ದು ಲೆನ್ಸ್ ಹಿಡಿ. ಐದು ಕೋಣೆಗಳು. ಮೇಲೆ ಐದು ಗುಂಡು, ಕೆಳಗೆ ಐದು ಕೋಣೆ. ಎರಡಕ್ಕೂ ಏನು ನಂಟು ಎಂದು ನಿನಗೆ ನೀನೇ ಕೇಳಿಕೊಂಡ ಕ್ಷಣದಿಂದ ಕಾರ್ಪೆಲ್ ಪಾಠ ನಿನ್ನದಾಯಿತು.

ಅಲ್ಲಿಗೆ ನಿಲ್ಲಬೇಡ. ಅಡುಗೆಮನೆಯಲ್ಲಿ ಅಮ್ಮ ಹೆಚ್ಚಿದ ಬೆಂಡೆಕಾಯಿಯ ಒಂದು ಬಿಲ್ಲೆ ಎತ್ತಿಕೋ. ಸಾಮಾನ್ಯವಾಗಿ ಅಲ್ಲಿಯೂ ಐದೇ ಕೋಣೆ, ಬೀಜಗಳು ಅಂಟಿರುವುದು ನಡುವಿನ ಕಂಬಕ್ಕೇ. ಬೆಂಡೆ, ದಾಸವಾಳ, ಹತ್ತಿ ಮೂರೂ ಒಂದೇ ಕುಟುಂಬದವು. ಆದರೆ ಬೆಂಡೆ ಕಾಯಿ ಬಿಡುತ್ತದೆ. ಮನೆಯಂಗಳದ ದಾಸವಾಳ ಕಾಯಿ ಕಚ್ಚಿದ್ದನ್ನು ಎಷ್ಟು ಜನ ನೋಡಿದ್ದಾರೆ? ಕಡ್ಡಿ ನೆಟ್ಟೇ ಅದನ್ನು ಬೆಳೆಸುತ್ತೇವೆ. ತಲೆಮಾರುಗಳಿಂದ ಜನ ಬೆರಕೆ ಮಾಡುತ್ತ ಬಂದ ಗಿಡ ಅದು. ಅದರ ಹಲವು ತಳಿಗಳಲ್ಲಿ ವರ್ಣತಂತುಗಳ ಲೆಕ್ಕವೇ ಏರುಪೇರು. ಲೆಕ್ಕ ತಪ್ಪಿದಾಗ ಮಿಯಾಸಿಸ್ ಸರಿಯಾಗಿ ನಡೆಯದು, ಪರಾಗವೂ ಬೀಜವೂ ಕೈಕೊಡುತ್ತವೆ. ಹೂವಿನ ರಚನೆ, ಪರಾಗಸ್ಪರ್ಶ, ಕೋಶವಿಭಜನೆ, ಅನುವಂಶೀಯತೆ ಎಂದು ಎರಡು ವರ್ಷಕ್ಕೆ ಹಂಚಿಹೋದ ಪಾಠಗಳೆಲ್ಲ ಈ ಒಂದು ಹೂವಿನಲ್ಲೇ ಸಿಕ್ಕವು.

ಚಿತ್ರ ಬರೆಯುವುದನ್ನು ತಾತ್ಸಾರ ಮಾಡಬೇಡ. ಸೀನಿಯರ್‌ಗಳ ರೆಕಾರ್ಡ್ ನೋಡಿ ನಕಲು ಮಾಡಿದ ಚಿತ್ರಕ್ಕೆ ಅಂಕ ಸಿಗಬಹುದು, ಕಲಿಕೆ ಇಲ್ಲ. ಈರುಳ್ಳಿ ಬೇರಿನ ತುದಿಯ ಸ್ಲೈಡಿನಲ್ಲಿ ಮೆಟಾಫೇಸ್ ಬೇಗ ಸಿಗುವುದಿಲ್ಲ. ಕಣ್ಣಿಗೆ ಬೀಳುವ ಹೆಚ್ಚಿನ ಕೋಶಗಳು ಇಂಟರ್‌ಫೇಸಿನಲ್ಲೇ ಇರುತ್ತವೆ. ಬೇಸರಪಡದೆ ಹುಡುಕು. 24 ಗಂಟೆಗೊಮ್ಮೆ ವಿಭಜಿಸುವ ಮನುಷ್ಯನ ಕೋಶಕ್ಕೆ ನಿಜವಾದ ವಿಭಜನೆಗೆ ಬೇಕಾಗುವುದು ಒಂದೇ ಗಂಟೆ ಎಂದು ಪುಸ್ತಕ ಹೇಳುತ್ತದಲ್ಲ, ಆ ಸಂಗತಿಯೇ ಈರುಳ್ಳಿಯ ಸ್ಲೈಡಿನಲ್ಲೂ ನಿನ್ನ ಕಣ್ಣ ಮುಂದಿದೆ.

ಹಾರ್ಮೋನು, ಮೂತ್ರಪಿಂಡಗಳಂಥ ಪಾಠಗಳಲ್ಲಿ ಕೈಯಿಂದ ಬಿಡಿಸಿ ನೋಡುವಂಥದ್ದು ಕಡಿಮೆ. ಅಲ್ಲಿ ‘ಇದು ನಿಂತರೆ ಏನಾಗುತ್ತದೆ?’ ಎಂದು ಕೇಳು. ಎಡಿಎಚ್ ಕಡಿಮೆಯಾದರೆ ಮೂತ್ರಪಿಂಡ ನೀರನ್ನು ಹಿಡಿದಿಡಲಾರದು, ಲೀಟರುಗಟ್ಟಲೆ ಮೂತ್ರ ಹೋಗುತ್ತದೆ, ಬಾಯಾರಿಕೆ ತೀರುವುದಿಲ್ಲ. ಕಾಯಿಲೆಯ ಕಡೆಯಿಂದ ಹಿಂದಕ್ಕೆ ನಡೆದರೆ ಆರೋಗ್ಯದ ಪಾಠ ತಾನಾಗಿ ಅರ್ಥವಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮೊದಲ ಮೂರು ತಿಂಗಳು ಇಂಗ್ಲಿಷ್ ಪಾಠ ನಿಮ್ಮನ್ನು ಅಳಿಸುತ್ತದೆ, ಅದು ನನಗೆ ಗೊತ್ತು. ಅದು ನಿಮ್ಮ ದಡ್ಡತನವಲ್ಲ. ಆವತ್ತಿನ ಪಾಠವನ್ನು ಆವತ್ತೇ ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಜೊತೆಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸಂಶೋಧಕರು ಅವರು. ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಮರಗಳ ವಿಜ್ಞಾನವನ್ನು ಕನ್ನಡದಲ್ಲಿ ಎಷ್ಟು ಸೊಗಸಾಗಿ ಹೇಳಬಹುದೆಂದು ನಿಮಗೇ ಗೊತ್ತಾಗುತ್ತದೆ.

ಇನ್ನು ನೀಟ್. 720 ಅಂಕಗಳಲ್ಲಿ 360 ಬಯಾಲಜಿಯದ್ದು. ಅದಕ್ಕಾಗಿ ಸಾಲು ಸಾಲು ಓದಬೇಕು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ಎಂಬಿಬಿಎಸ್ ಸೀಟಿಗಾಗಿ ಮಾತ್ರ ಈ ವಿಷಯ ಇದೆ ಎಂದುಕೊಂಡರೆ ಅನ್ಯಾಯವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗರು ಜ್ವರ ಹಿಡಿದು ಮಲಗಿದರು. ಹಳದಿ ಜ್ವರವಿರಬಹುದೆಂಬ ಅನುಮಾನ ಮೊದಲಿಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಮಲೆನಾಡು ಇಂದಿಗೂ ಹೆದರುವ ಮಂಗನ ಕಾಯಿಲೆ ಅದೇ. ಅದನ್ನು ಎದುರಿಸಲು ವೈದ್ಯರಷ್ಟೇ ಸಾಲರು. ಉಣುಗನ್ನು ಬಲ್ಲವರು, ಮಂಗಗಳನ್ನು ಬಲ್ಲವರು, ಕಾಡನ್ನು ಬಲ್ಲವರು, ಲ್ಯಾಬಿನಲ್ಲಿ ವೈರಸ್ ಪತ್ತೆ ಮಾಡುವವರು ಎಲ್ಲರೂ ಬೇಕು. ಅವರೆಲ್ಲರೂ ಓದು ಶುರು ಮಾಡುವುದು ಈಗ ನಿನ್ನ ಕೈಯಲ್ಲಿರುವಂಥ ಪುಸ್ತಕದಿಂದಲೇ.

ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, ಮಂಗಳೂರಿನ ಮೀನುಗಾರಿಕೆ ಕಾಲೇಜು, ಹೆಬ್ಬಾಳದ ಪಶುವೈದ್ಯ ಕಾಲೇಜು, ಜಿಕೆವಿಕೆ, ನರ್ಸಿಂಗ್, ಒಳ್ಳೆಯ ಬಿಎಸ್ಸಿ: ದಾರಿಗಳಿಗೆ ಬರವಿಲ್ಲ. ಅವು ಸೋತವರ ದಾರಿಗಳಲ್ಲ. ಆದರೆ ರಿಸಲ್ಟ್ ಬಂದ ಸಂಜೆ ಮನೆಯಲ್ಲಿ ಈ ಮಾತು ಯಾರ ಕಿವಿಗೂ ಹೋಗುವುದಿಲ್ಲ. ಅದಕ್ಕೇ ಹೇಳುತ್ತೇನೆ ಮಗು, ದ್ವಿತೀಯ ಪಿಯುಸಿ ಶುರುವಾಗುವ ಮೊದಲೇ ಒಂದು ಭಾನುವಾರ ಅಪ್ಪ ಅಮ್ಮನ ಹತ್ತಿರ ಕೂತು, ಸೀಟು ಸಿಗದಿದ್ದರೆ ಏನು ಓದುತ್ತೀ ಎಂಬುದನ್ನು ಬಾಯಿಬಿಟ್ಟು ಮಾತಾಡು.