ಕ್ಲಿನಿಕ್ ಮುಚ್ಚಿದ ದಿನಗಳ ಲೆಕ್ಕ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಪೇಟೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ತೆರೆದಾಗ ನನ್ನ ಗೋಡೆಯಲ್ಲಿದ್ದದ್ದು ಬಿಪಿಟಿ ಪದವಿಯ ಸರ್ಟಿಫಿಕೇಟ್ ಒಂದೇ. ಇನ್ನೊಂದು ಇದ್ದರೆ ರೋಗಿಗಳು ಹೆಚ್ಚುತ್ತಾರೆಂದು ಬೆಂಗಳೂರಿನಲ್ಲಿ ಮೂರು ವಾರಾಂತ್ಯಗಳ ಮ್ಯಾನುವಲ್ ಥೆರಪಿ ಕೋರ್ಸಿಗೆ ಸೇರಿದೆ. ಫೀಸು 28,000 ರೂಪಾಯಿ. ಕಾಸರಗೋಡಿನಿಂದ ರಾತ್ರಿ ರೈಲು, ಲಾಡ್ಜು, ಊಟಕ್ಕೆ 9,000. ಇಷ್ಟನ್ನು ಡೈರಿಯಲ್ಲಿ ಬರೆದಿಟ್ಟೆ. ಬರೆಯದೆ ಬಿಟ್ಟದ್ದು ಕ್ಲಿನಿಕ್ಕಿಗೆ ಬೀಗ ಬಿದ್ದ ಒಂಬತ್ತು ದಿನಗಳನ್ನು. ದಿನಕ್ಕೆ 1,200ರಂತೆ ಕೈತಪ್ಪಿದ್ದು 10,800 ರೂಪಾಯಿ.

ಕಲಿತದ್ದು ದಂಡವಾಗಲಿಲ್ಲ. ಬೀಡಿ ಕಟ್ಟುವ ಅಕ್ಕಂದಿರ ಕುತ್ತಿಗೆಗೆ, ರಬ್ಬರ್ ಟ್ಯಾಪಿಂಗ್ ಮಾಡುವವರ ಭುಜಕ್ಕೆ ಉಪಯೋಗವಾಯಿತು. ಆದರೆ ನನ್ನಲ್ಲಿಗೆ ತಿಂಗಳುಗಟ್ಟಲೆ ಬರುತ್ತಿದ್ದವರು ಬೇರೆಯವರು: ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಕೊನೆಗಾರರು, ಸ್ಟ್ರೋಕ್ ಆದವರು, ಕೈಕಾಲು ಬಿಗಿದ ಮಕ್ಕಳು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು ನಿಂತು ಎರಡು ದಶಕ ದಾಟಿದೆ. ಆದರೂ ಕಾರಡ್ಕ, ಬೆಳ್ಳೂರು ಕಡೆಯ ಮನೆಗಳಲ್ಲಿ ಹಾಸಿಗೆಯಲ್ಲೇ ಬೆಳೆದು ದೊಡ್ಡವರಾದವರು ಈಗಲೂ ಇದ್ದಾರೆ.

ಒಂದು ಬೆಳಿಗ್ಗೆ ಒಬ್ಬ ಕೊನೆಗಾರರ ಬಲಗಾಲಿನ ಹೆಬ್ಬೆರಳು ಒಂದಿಷ್ಟೇ ಮಿಸುಕಿತು. ಅವರ ಹೆಂಡತಿ ನನ್ನ ಕೈ ಹಿಡಿದು, "ಇನ್ನು ನಡೀತಾರಾ ಅಕ್ಕ?" ಎಂದರು. ನನಗೆ ಉತ್ತರ ತಿಳಿದಿರಲಿಲ್ಲ. ನ್ಯೂರೋ ವಿಭಾಗದಲ್ಲಿ ಸ್ನಾತಕೋತ್ತರ ಪದವಿಯಾದ ಎಂಪಿಟಿ ಮಾಡಲೇಬೇಕೆಂದು ಅಂದು ನಿಶ್ಚಯಿಸಿದೆ.

ಹೀಗೆ ನನಗೆ ವಿಭಾಗ ತೋರಿಸಿದ್ದು ರೋಗಿಗಳೇ. ಅಮೆರಿಕದಲ್ಲಿ ಫಿಸಿಯೋ ಒಬ್ಬರು ಒಂದು ವಿಭಾಗದ ತಜ್ಞರೆಂಬ ಬೋರ್ಡ್ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ ಹತ್ತು ವರ್ಷಗಳಲ್ಲಿ ಆ ವಿಭಾಗದ ರೋಗಿಗಳನ್ನು 2,000 ಗಂಟೆ ನೋಡಿರಬೇಕು, ಇಲ್ಲವೇ ಆ ವಿಭಾಗದ ರೆಸಿಡೆನ್ಸಿ ತರಬೇತಿ ಮುಗಿಸಿರಬೇಕು. ಮೊದಲು ರೋಗಿ, ಆಮೇಲೆ ಪರೀಕ್ಷೆ. ಈ ಕ್ರಮ ನನಗೆ ಬಹಳ ಸರಿ ಕಾಣುತ್ತದೆ. ನಮ್ಮಲ್ಲಿ ತಜ್ಞತೆಯ ದಾರಿಯೆಂದರೆ ಎರಡು ವರ್ಷದ ಎಂಪಿಟಿ. ಡಿಗ್ರಿ ಮುಗಿದ ಮರುದಿನವೇ ವಿಭಾಗ ಆರಿಸಿಬಿಡಬಹುದು. ನನ್ನನ್ನು ಕೇಳುವ ಹುಡುಗ ಹುಡುಗಿಯರಿಗೆ, ಮೊದಲು ಒಂದು ವರ್ಷ ದುಡಿಯಿರಿ, ಯಾರು ಬರುತ್ತಾರೆ ನೋಡಿ ಎನ್ನುತ್ತೇನೆ.

ಮಂಗಳೂರಿನಲ್ಲಿ ಓದಲು 5 ಲಕ್ಷ ಸಾಲ ಮಾಡಿದೆ. ಅಮ್ಮ ಅಡಮಾನಕ್ಕೆಂದು ತೋಟದ ದಾಖಲೆ ತೆಗೆದಿಟ್ಟಿದ್ದರು; ಶಿಕ್ಷಣ ಸಾಲಕ್ಕೆ 7.5 ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿಯ ಆಸರೆ ಇರುವುದರಿಂದ ಆ ದಾಖಲೆ ಕಪಾಟಿಗೇ ಮರಳಿತು. ಓದುವ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ವರ್ಷಕ್ಕೆ 2.5 ಲಕ್ಷದಂತೆ ಪಡೆದ ಹಣಕ್ಕೆ ಶೇ 10ರ ಬಡ್ಡಿ ಮೂರು ವರ್ಷದಲ್ಲಿ 1.25 ಲಕ್ಷ. ಅದು ಅಸಲಿಗೆ ಸೇರಿದರೆ ಏಳು ವರ್ಷದ ಕಂತು ತಿಂಗಳಿಗೆ ಸುಮಾರು 10,375. ಬಡ್ಡಿಯನ್ನು ಆಗಾಗಲೇ ಕಟ್ಟಿಬಿಟ್ಟರೆ 8,300. ಸಂಜೆ ಹೊತ್ತು ಮನೆಮನೆಗೆ ಹೋಗಿ ಎಕ್ಸರ್ಸೈಸ್ ಮಾಡಿಸಿ ಆ ಬಡ್ಡಿ ಕಟ್ಟಿದೆ. ದಣಿವಾಗುತ್ತಿತ್ತು, ಆದರೂ ಏಳು ವರ್ಷದ ಲೆಕ್ಕದಲ್ಲಿ ಸುಮಾರು 49,000 ಉಳಿತಾಯ.

ಖರ್ಚೆಂದರೆ ಸಾಲ ಒಂದೇ ಅಲ್ಲ. ಕ್ಲಿನಿಕ್ಕಿನಿಂದ ತಿಂಗಳಿಗೆ ಕೈಗುಳಿಯುತ್ತಿದ್ದ 22,000 ಎರಡು ವರ್ಷ ಬರಲಿಲ್ಲ: 5,28,000. ಕಂತು, ಬಡ್ಡಿ ಸೇರಿಸಿದರೆ ಹದಿಮೂರೂವರೆ ಲಕ್ಷ. ಈಗ ತಿಂಗಳಿಗೆ 38,000 ಉಳಿಯುತ್ತಿದೆ, ಹಿಂದಿಗಿಂತ 16,000 ಹೆಚ್ಚು. ಆ ಲೆಕ್ಕದಲ್ಲಿ ಖರ್ಚು ಹುಟ್ಟಲು ಏಳು ವರ್ಷ ಬೇಕು. ಇದು ಮೊದಲೇ ಗೊತ್ತಿದ್ದರೂ ನಾನು ಅದನ್ನೇ ಓದುತ್ತಿದ್ದೆ.

ಊರಿಗೆ ಬಂದ ವಾರವೇ ಆ ಕೊನೆಗಾರರ ಮನೆಗೆ ಹೋದೆ. ನಾನಿಲ್ಲದ ಎರಡು ವರ್ಷ ಅವರನ್ನು ಯಾರೂ ನಿಲ್ಲಿಸಿರಲಿಲ್ಲ. ಎರಡೂ ಮೊಣಕಾಲು ಬಿಗಿದುಹೋಗಿದ್ದವು. ಹೆಂಡತಿ ಏನೂ ಕೇಳಲಿಲ್ಲ, ಚಾಪೆ ಹಾಸಿದರು. ಈಗ ಮಂಗಳವಾರ, ಶುಕ್ರವಾರ ಹೋಗುತ್ತೇನೆ. ಹೋದ ವಾರ ಬಲ ಮೊಣಕಾಲು ಹತ್ತು ಡಿಗ್ರಿ ಹೆಚ್ಚು ಮಡಚಿತು.