ಬೆಳಕಿನ ಎಳೆಯೂ ನಮ್ಮ ಕಾಯಕಗಳೂ

ಶರಣರು ಕಾಯಕಕ್ಕೆ ಹಿರಿದಾದ ಸ್ಥಾನವನ್ನಿತ್ತರು. ಕಾಯಕದ ಫಲವು ದುಡಿದವನಿಗೆ ನ್ಯಾಯವಾಗಿ ದೊರೆಯಬೇಕೆಂಬುದೂ ಅದರಲ್ಲಿ ಅಡಗಿದೆ. ಆದರೆ ವಸ್ತುವನ್ನು ಮಾಡುವವನಿಗೂ ಕೊಳ್ಳುವವನಿಗೂ ನಡುವೆ ದೂರ ಬೆಳೆದಷ್ಟೂ ಮಾಡಿದವನ ಪಾಲು ಕಿರಿದಾಗುವುದು ವ್ಯಾಪಾರದ ಅನುಭವ. ಈ ದೂರವನ್ನು ತಗ್ಗಿಸಬಲ್ಲ ಸಾಧನಗಳಲ್ಲಿ ಆಪ್ಟಿಕಲ್ ಫೈಬರ್, ಎಂದರೆ ಬೆಳಕನ್ನು ಸಾಗಿಸುವ ಗಾಜಿನ ಎಳೆ, ಒಂದಾಗಿದೆ. ಅದರ ಸ್ವರೂಪವನ್ನೂ ನಮ್ಮ ಭಾಗದ ಉದ್ಯೋಗಗಳಿಗೆ ಅದರಿಂದಾಗುವ ಪ್ರಯೋಜನವನ್ನೂ ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಹಳೆಯ ದೂರವಾಣಿಯ ತಾಮ್ರದ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿತ್ತು; ಈ ಎಳೆಯಲ್ಲಿ ಬೆಳಕು ಹರಿಯುತ್ತದೆ. ಎಳೆಯ ನಡುವಿನ ಗಾಜಿನ ವಕ್ರೀಭವನಾಂಕವು ಅದರ ಹೊದಿಕೆಯ ಗಾಜಿನದಕ್ಕಿಂತ ತುಸು ಹೆಚ್ಚು. ಆದ್ದರಿಂದ ಒಳಹೊಕ್ಕ ಬೆಳಕು ಹೊರಗೆ ಸೋರದೆ ಒಳಗೇ ಪ್ರತಿಫಲಿಸುತ್ತ ಮುಂದೆ ಸಾಗುತ್ತದೆ. ಇದಕ್ಕೆ ಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು 1950ರ ದಶಕದಲ್ಲಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಗಾಜಿನ ಕಲ್ಮಷವನ್ನು ಕಳೆದರೆ ಬೆಳಕು ಬಹುದೂರ ಸಾಗಬಲ್ಲುದೆಂದು 1966ರಲ್ಲಿ ಪ್ರತಿಪಾದಿಸಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿನ ಶುದ್ಧ ಎಳೆಯಲ್ಲಿ ಬೆಳಕು ಸುಮಾರು 15 ಕಿಲೋಮೀಟರು ಸಾಗಿದ ಮೇಲೂ ಅರ್ಧದಷ್ಟು ಉಳಿದಿರುತ್ತದೆ. ಗ್ರಾಮ ಪಂಚಾಯತಿಗಳಿಗೆ ಇದನ್ನು ಮುಟ್ಟಿಸುವ ಯೋಜನೆಗೆ ಭಾರತ ಸರಕಾರವು 2011ರಲ್ಲಿ ಒಪ್ಪಿಗೆಯಿತ್ತಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು.

ಇನ್ನು ಪ್ರಯೋಜನದ ಮಾತು. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ಹದಗೊಳಿಸಿದ ತೊಗಲಿನಿಂದ ಕೈಯಾರೆ ಹೊಲಿಯುವ ಪಾದರಕ್ಷೆಗಳು ಲೋಕದಲ್ಲಿ ಕೊಲ್ಹಾಪುರಿ ಚಪ್ಪಲಿಯೆಂದೇ ಪ್ರಸಿದ್ಧವಾಗಿವೆ. 2019ರಲ್ಲಿ ಇವಕ್ಕೆ ದೊರೆತ ಭೌಗೋಳಿಕ ಸೂಚಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನವೊಂದರಲ್ಲಿ ಪ್ರಾಡಾ ಸಂಸ್ಥೆಯು ಇಂಥವೇ ಚಪ್ಪಲಿಗಳನ್ನು, ಮೂಲವನ್ನು ಹೇಳದೆ, ಮೆರೆಯಿಸಿತು. ಅಂತರ್ಜಾಲದಲ್ಲಿ ಆಕ್ಷೇಪಣೆಗಳೆದ್ದ ಮೇಲೆ ಭಾರತೀಯ ಪಾದರಕ್ಷೆಗಳಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಂಡಿತು. ದೂರದಲ್ಲಿ ನಡೆದ ಸಂಗತಿ ಕೆಲವೇ ದಿನಗಳಲ್ಲಿ ಇಲ್ಲಿಗೆ ತಿಳಿದುದೂ, ಇಲ್ಲಿಯ ಮಾತು ಅಲ್ಲಿಗೆ ಮುಟ್ಟಿದುದೂ ಅಂತರ್ಜಾಲದ ಮೂಲಕವೇ.

ಗಾಜಿನ ಎಳೆಯ ಸಂಪರ್ಕವುಳ್ಳ ಮನೆಯಿಂದ ಚಪ್ಪಲಿಯ ಸ್ಪಷ್ಟ ಚಿತ್ರಗಳನ್ನೂ ಹೊಲಿಗೆಯ ಚಲಚ್ಚಿತ್ರವನ್ನೂ ತಡೆಯಿಲ್ಲದೆ ಕಳಿಸಬಹುದು. ಮುಂಬಯಿಯ ಗಿರಾಕಿಯೊಡನೆ ಮುಖ ನೋಡಿ ಮಾತನಾಡಿ ಅಳತೆ, ದರಗಳನ್ನು ಗೊತ್ತುಪಡಿಸಬಹುದು. ಒಂದೇ ಸಂಪರ್ಕದಿಂದ ಒಬ್ಬನು ಬೇಡಿಕೆ ಬರೆದುಕೊಳ್ಳುತ್ತಿರುವಾಗಲೇ ಇನ್ನೊಬ್ಬನು ಬ್ಯಾಂಕಿನ ಲೆಕ್ಕ ನೋಡಬಹುದು. ಅಂತೆಯೇ ಬೆಲ್ಲದ ವ್ಯಾಪಾರಿಯೂ ರೈತನೂ ಹಲವು ಪೇಟೆಗಳ ಧಾರಣೆಯನ್ನು ತಿಳಿದು ಮಾರಾಟವನ್ನು ನಿಶ್ಚಯಿಸಬಹುದು.

ಆದರೆ ಮಿತಿಗಳನ್ನೂ ಅರಿಯಬೇಕು. ಎಳೆಯು ಬೆಳಕನ್ನು ಸಾಗಿಸಿದರೂ ಮನೆಯ ಯಂತ್ರಕ್ಕೆ ವಿದ್ಯುತ್ತು ಬೇಕು. ರಸ್ತೆ ಅಗೆಯುವಾಗ ಎಳೆ ತುಂಡಾದರೆ ವ್ಯವಹಾರ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಈ ಸಾಧನವು ಯಾರ ಕೈಯಲ್ಲಿದೆ ಎಂಬುದು. ಹೊಲಿಯುವವನು ಹೊಲಿಯುತ್ತಲೇ ಉಳಿದು, ಚಿತ್ರ ತೆಗೆದು ದರ ಹೇಳುವವನು ಬೇರೊಬ್ಬನಾದರೆ ಮಧ್ಯವರ್ತಿ ಬದಲಾಗುವನೇ ಹೊರತು ದುಡಿದವನ ಪಾಲು ಹೆಚ್ಚದು.

ವಿದ್ಯಾರ್ಥಿ ಮಿತ್ರರೆ, ಇಲ್ಲಿಯೇ ನಿಮ್ಮ ಕರ್ತವ್ಯವಿದೆ. ನಿಮ್ಮ ಮನೆಯ, ನೆರೆಯ ಕಾಯಕವನ್ನು ಚೆನ್ನಾಗಿ ಅರಿತುಕೊಳ್ಳಿರಿ. ತೊಗಲು ಯಾವುದು, ಅಳತೆ ಎಷ್ಟು, ಹೊಲಿಯಲು ಎಷ್ಟು ದಿನ, ಬೆಲೆ ಏನು ಎಂಬುದನ್ನು ಶುದ್ಧ ಕನ್ನಡದಲ್ಲಿಯೂ ಗಿರಾಕಿಯ ಭಾಷೆಯಲ್ಲಿಯೂ ಸತ್ಯವಾಗಿ ಬರೆಯಲು ಕಲಿಯಿರಿ. ಬಸವಣ್ಣನವರಿಗಾಗಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಕಾಯಕಕ್ಕೆ ಸಲ್ಲಬೇಕಾದ ಹೆಸರೂ ಪ್ರತಿಫಲವೂ ಇಂದಿನ ಕಾಯಕಜೀವಿಗೆ ಮುಟ್ಟುವಂತೆ ಮಾಡಿದಾಗ ಮಾತ್ರ ಈ ಬೆಳಕಿನ ಎಳೆ ನಮ್ಮ ಊರಿಗೆ ಬಂದುದು ಸಾರ್ಥಕವಾದೀತು.